ಗುರುಮನೆಯ ಆಂಥೂರಿಯಂ

ಭಾನುವಾರದ ಬಲಿಪೂಜೆಗೆ ಬಂದಾಗ ಪೀಠದ ಮುಂದಿನ ಹೂದಾನಿಯಲ್ಲಿ ಆಂಥೂರಿಯಂ ಹೂಗಳನ್ನು ನೀವು ಕಂಡಿರುತ್ತೀರಿ. ಮೇಣ ಬಳಿದಂತೆ ಹೊಳೆಯುವ, ಹೃದಯದ ಆಕಾರದ ಕೆಂಪು ದಳ. ಅದರ ನಡುವಿನಿಂದ ಎದ್ದು ನಿಂತ ಹಳದಿ ಕಡ್ಡಿ. ಕೊಯ್ದಿಟ್ಟರೂ ಎರಡು ವಾರ ಬಾಡದೆ ನಿಲ್ಲುವುದರಿಂದ ಪೀಠವನ್ನು ಅಲಂಕರಿಸುವ ಧರ್ಮಭಗಿನಿಯರಿಗೆ ಇದು ಅಚ್ಚುಮೆಚ್ಚು. ನಿಜ ಹೇಳಬೇಕೆಂದರೆ ಆ ಕೆಂಪು ಭಾಗ ಹೂವೇ ಅಲ್ಲ, ಅದು ರೂಪ ಬದಲಿಸಿದ ಎಲೆ. ಕಡ್ಡಿಯ ಮೇಲೆ ಒತ್ತೊತ್ತಾಗಿ ಕುಳಿತಿರುವ, ಸಾಸಿವೆ ಕಾಳಿನಷ್ಟೂ ದೊಡ್ಡದಲ್ಲದ ಚುಕ್ಕೆಗಳೇ ಹೂಗಳು. ಗುರುಮಠದಲ್ಲಿ ಕಲಿತ ಅಲ್ಪಸ್ವಲ್ಪ ಗ್ರೀಕ್ ಭಾಷೆ ನನಗೆ ಉಪಯೋಗಕ್ಕೆ ಬಂದ ಕೆಲವೇ ಸಂದರ್ಭಗಳಲ್ಲಿ ಇದೂ ಒಂದು: ಆಂಥೋಸ್ ಎಂದರೆ ಹೂವು, ಊರಾ ಎಂದರೆ ಬಾಲ. ಬಾಲವುಳ್ಳ ಹೂವು.

ಆದರೆ ನಾನು ಬರೆಯಹೊರಟಿರುವುದು ಪೀಠದ ಹೂವಿನ ಕುರಿತಲ್ಲ, ನಮ್ಮ ಗುರುಮನೆಯಲ್ಲಿರುವ ಒಂದು ಕುಂಡದ ಗಿಡದ ಕುರಿತು. ಅದು ನನ್ನ ತಾಯಿಯ ಗಿಡ. ಕರಾವಳಿಯ ನಮ್ಮ ಮನೆಯ ಜಗಲಿಯ ಅಂಚಿನಲ್ಲಿ, ಮಾಡಿನ ನೀರು ಬೀಳುವ ಜಾಗಕ್ಕೆ ಒಂದು ಮೊಳ ಈಚೆಗೆ, ಅದು ಇಪ್ಪತ್ತು ವರ್ಷವಾದರೂ ಇದ್ದಿರಬೇಕು. ಅಮ್ಮ ಅದಕ್ಕೆ ವಿಶೇಷವಾಗಿ ಏನನ್ನೂ ಮಾಡಿದ್ದನ್ನು ನಾನು ನೋಡಿಲ್ಲ. ತೆಂಗಿನ ಸಿಪ್ಪೆಯ ತುಂಡು, ಒಂದಿಷ್ಟು ಇದ್ದಿಲು, ಒಡೆದ ಹಂಚಿನ ಚೂರು, ಇಷ್ಟರಲ್ಲಿಯೇ ಅದು ಬೆಳೆಯುತ್ತಿತ್ತು. ಶನಿವಾರ ಸಂಜೆ ಎರಡು ಹೂ ಕೊಯ್ದು ಪೀಠಕ್ಕೆಂದು ಕಾಗದದಲ್ಲಿ ಸುತ್ತಿಡುತ್ತಿದ್ದರು. 2019ರಲ್ಲಿ ಅಮ್ಮ ತೀರಿಕೊಂಡರು. 2023ರ ಕೊನೆಗೆ ತಮ್ಮಂದಿರು ಮನೆಯನ್ನು ಮಾರಿದರು. ಪಾಲಿನಲ್ಲಿ ನನಗೆ ಬೇಕಾದದ್ದು ಏನೂ ಇರಲಿಲ್ಲ; ಆ ಕುಂಡವೊಂದನ್ನು ಮಾತ್ರ ಕೇಳಿದೆ. ರಾತ್ರಿಯ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಳ್ಳಾರಿ ಸೀಮೆಯ ನನ್ನ ಧರ್ಮಕೇಂದ್ರಕ್ಕೆ ತಂದೆ.

ತಪಸ್ಸುಕಾಲದ ಎರಡನೆಯ ವಾರಕ್ಕೆ ಎಲೆಗಳ ತುದಿ ಕಂದಿದವು. ಮೊದಲು ಒಂದು ಗೆರೆಯಷ್ಟು, ಆಮೇಲೆ ಬೆರಳಗಲ, ಕಾಗದ ಸುಟ್ಟ ಹಾಗೆ. ನೀರು ಸಾಲದೆಂದು ನಾನು ದಿನಕ್ಕೆ ಎರಡು ಬಾರಿ ನೀರೆರೆದೆ. ನಮ್ಮಲ್ಲಿ ಹೆಚ್ಚಿನವರು ಮಾಡುವ ತಪ್ಪು ಇದೇ, ನೀವೂ ಮಾಡಿರಬಹುದು. ಬೇರು ಕುಳಿತಿರುವ ಜಾಗ ಒದ್ದೆಯಾಗಿಯೇ ಇತ್ತು. ಒಣಗಿದ್ದದ್ದು ಗಾಳಿ. ಹೆಚ್ಚು ನೀರೆರೆದ ಪರಿಣಾಮವಾಗಿ ಎರಡು ಬೇರು ಕೊಳೆತವು, ಎಲೆ ಮತ್ತಷ್ಟು ಒಣಗಿತು. ಬಾಯಾರಿದವನ ಕೈಗೆ ಕೊಡುವುದನ್ನು ಬಿಟ್ಟು ಕಾಲ ಮೇಲೆ ನೀರು ಸುರಿದಂತಾಗಿತ್ತು ನನ್ನ ಉಪಚಾರ. ನಮ್ಮ ಅಡುಗೆಯ ಅಮ್ಮ ಅದನ್ನು ನೋಡಿ, "ಫಾದರ್, ಗಿಡ ನೀರು ಬೇಡಾಕತ್ತಿಲ್ರೀ, ಇಲ್ಲಿ ಗಾಳೀನೇ ಅದರ ನೀರು ಕುಡ್ಯಾಕತ್ತೈತಿ" ಎಂದರು. ವಿಜ್ಞಾನದ ಪುಸ್ತಕ ಹೇಳುವುದೂ ಅದಕ್ಕಿಂತ ಹೆಚ್ಚಿನದೇನಲ್ಲ.

ಎಲೆಯ ಮೈಮೇಲೆ ಕಣ್ಣಿಗೆ ಕಾಣದ ರಂಧ್ರಗಳಿವೆ. ಗಿಡ ಉಸಿರಾಡುವುದು ಅವುಗಳ ಮೂಲಕ. ಉಸಿರಾಡುವಾಗ ನೀರಾವಿಯೂ ಹೊರಹೋಗುತ್ತದೆ. ಗಾಳಿ ಒಣಗಿದಷ್ಟೂ ಆವಿ ವೇಗವಾಗಿ ಹೋಗುತ್ತದೆ. ಬೇರು ಕಳುಹಿಸುವ ನೀರು ಅಷ್ಟು ವೇಗದಲ್ಲಿ ಎಲೆಯ ತುದಿಯನ್ನು ತಲುಪಲಾರದು. ಆದ್ದರಿಂದ ತುದಿಯೇ ಮೊದಲು ಸಾಯುತ್ತದೆ. ಜಾಲಿಯೋ ಬೇವೋ ಆಗಿದ್ದರೆ ಇದನ್ನು ತಾಳಿಕೊಳ್ಳುವ ಉಪಾಯ ಅವುಗಳಿಗೆ ಹುಟ್ಟಿನಿಂದಲೇ ಗೊತ್ತು. ಆಂಥೂರಿಯಂ ಮಾತ್ರ ದಕ್ಷಿಣ ಅಮೆರಿಕದ ಕೊಲಂಬಿಯಾ ಮತ್ತು ಈಕ್ವೆಡಾರಿನ ಮಳೆಕಾಡಿನ ಸಂತಾನ. 1876ರಲ್ಲಿ ಎದುವಾರ್ ಆಂದ್ರೆ ಎಂಬ ಫ್ರೆಂಚ್ ಸಸ್ಯಸಂಗ್ರಾಹಕ ಅದನ್ನು ಕೊಲಂಬಿಯಾದಲ್ಲಿ ಕಂಡು ಯುರೋಪಿಗೆ ಪರಿಚಯಿಸಿದ. ಮಂಜು ಕವಿದ ಮರಗಳ ನೆರಳಿನಲ್ಲಿ, ಸದಾ ಒದ್ದೆಯಾದ ಗಾಳಿಯಲ್ಲಿ ಬದುಕಿದ ಕುಲ ಅದು. ನಮ್ಮ ಕರಾವಳಿಯ ಮತ್ತು ಕೊಡಗಿನ ಗಾಳಿ ಅದಕ್ಕೆ ಹೊಂದುತ್ತದೆ. ಬಳ್ಳಾರಿಯ ಮಾರ್ಚ್ ತಿಂಗಳು ಹೊಂದುವುದಿಲ್ಲ.

ಅಕ್ಕನ ಮಗ ಒಂದು ಪುಟ್ಟ ಆರ್ದ್ರತಾ ಮಾಪಕವನ್ನು ಕಳುಹಿಸಿಕೊಟ್ಟ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಒಂದು ಅಂಕಿ ಉಷ್ಣತೆ, ಇನ್ನೊಂದು ಅಂಕಿ ಗಾಳಿಯ ತೇವಾಂಶದ ಶೇಕಡಾವಾರು. ಬೆಳಿಗ್ಗೆ ಆರೂವರೆಗೆ 58 ತೋರಿಸಿದ ಅದು ಮಧ್ಯಾಹ್ನ ಮೂರಕ್ಕೆ 27 ತೋರಿಸಿತು. ಕೆಟ್ಟುಹೋಗಿದೆಯೆಂದು ಭಾವಿಸಿದೆ. ಕೆಟ್ಟಿರಲಿಲ್ಲ. ಅದನ್ನು ಪರೀಕ್ಷಿಸುವ ಸುಲಭ ಕ್ರಮವೊಂದಿದೆ: ಒಂದು ಮುಚ್ಚಳದಲ್ಲಿ ಅಡುಗೆಯ ಉಪ್ಪನ್ನು ಹಾಕಿ, ಕೆಸರಿನಂತಾಗುವಷ್ಟು ಮಾತ್ರ ನೀರು ಬೆರೆಸಿ, ಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಬೇಕು. ಎಂಟು ಹತ್ತು ಗಂಟೆಗಳ ಬಳಿಕ ಅದು 75ರ ಹತ್ತಿರ ತೋರಿಸಿದರೆ ಮಾಪಕ ಸರಿಯಾಗಿದೆ ಎಂದರ್ಥ. ನನ್ನದು 73 ತೋರಿಸಿತು. ಹಾಗಾದರೆ ಬೆಳಗಿನ ತೇವ ಮಧ್ಯಾಹ್ನಕ್ಕೆ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಇಪ್ಪತ್ತೈದು ಡಿಗ್ರಿಯ ಗಾಳಿ ಒಂದು ಘನ ಮೀಟರಿನಲ್ಲಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಮೂವತ್ತೆಂಟು ಡಿಗ್ರಿಗೆ ಕಾದರೆ ಅದೇ ಗಾಳಿಗೆ 46 ಗ್ರಾಂನಷ್ಟು ಹಿಡಿಯುವ ಸಾಮರ್ಥ್ಯ ಬರುತ್ತದೆ. ಇರುವ ನೀರು ಅಷ್ಟೇ, ಪಾತ್ರೆ ಮಾತ್ರ ಇಮ್ಮಡಿಯಾಯಿತು. ತುಂಬದ ಆ ಪಾತ್ರೆ ಎಲ್ಲಿ ನೀರು ಕಂಡರೂ ಹೀರಿಕೊಳ್ಳುತ್ತದೆ: ಒಣಹಾಕಿದ ಬಟ್ಟೆಯಿಂದ, ಹರವಿಯ ಮೈಯಿಂದ, ನಮ್ಮ ತುಟಿಯಿಂದ, ಅಮ್ಮನ ಗಿಡದ ಎಲೆಯಿಂದ.

ಗಾಳಿಯ ತೇವವನ್ನು ಅಳೆಯಬಹುದೆಂದು ಯೋಚಿಸಿದವರಲ್ಲಿ ಮೊದಲಿಗರೊಬ್ಬರು ನಮ್ಮ ಧರ್ಮಸಭೆಯ ಕಾರ್ಡಿನಲ್ ಎಂಬುದನ್ನು ಈ ನೆಪದಲ್ಲಿ ಓದಿ ತಿಳಿದೆ. ಕೂಸಾದ ನಿಕೋಲಾಸ್ (1401–1464) ಅವರನ್ನು ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ಓದಿದ್ದೆವು, ಆದರೆ ಉಣ್ಣೆಯ ವಿಷಯವನ್ನು ಯಾರೂ ಹೇಳಿರಲಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಉಣ್ಣೆ, ಇನ್ನೊಂದರಲ್ಲಿ ಅದೇ ತೂಕದ ಕಲ್ಲುಗಳನ್ನಿಟ್ಟರೆ, ಗಾಳಿ ಒದ್ದೆಯಾದಾಗ ಉಣ್ಣೆಯ ತಟ್ಟೆ ಕೆಳಗಿಳಿಯುತ್ತದೆ, ಒಣಗಿದಾಗ ಮೇಲೇಳುತ್ತದೆ ಎಂದು 1450ರಷ್ಟು ಹಿಂದೆಯೇ ಅವರು ಬರೆದರು. ಅವರು ಹಾಗೆ ಬರೆಯುವಾಗ ನ್ಯಾಯಸ್ಥಾಪಕರ ಗ್ರಂಥದ ಗಿದ್ಯೋನ ಅವರ ನೆನಪಿಗೆ ಬಂದಿದ್ದನೋ ಇಲ್ಲವೋ, ನನಗಂತೂ ಬಂದ. ಕಣದಲ್ಲಿ ಉಣ್ಣೆಯನ್ನು ಹಾಸಿ, ನೆಲ ಒಣಗಿರಲಿ ಉಣ್ಣೆ ಮಾತ್ರ ತೋಯಲಿ ಎಂದು ದೇವರನ್ನು ಪರೀಕ್ಷಿಸಿದವನು ಆತ. ಬೆಳಿಗ್ಗೆ ಅದನ್ನು ಹಿಂಡಿದಾಗ ಒಂದು ಬಟ್ಟಲು ನೀರು ಬಂತಂತೆ. 1783ರಲ್ಲಿ ಜಿನೀವಾದ ಸೊಸ್ಯೂರ್ ಎಂಬ ವಿಜ್ಞಾನಿ ಉಣ್ಣೆಯ ಬದಲು ಮನುಷ್ಯನ ತಲೆಗೂದಲನ್ನು ಬಳಸಿದರು. ಕೂದಲು ತೇವದಲ್ಲಿ ಉದ್ದವಾಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಳೆಗಾಲದಲ್ಲಿ ಹೆಣ್ಣುಮಕ್ಕಳ ಕೂದಲು ಬಾಚಣಿಗೆಗೆ ಬಗ್ಗದಿರುವುದಕ್ಕೂ ಅದಕ್ಕೂ ಸಂಬಂಧವಿದೆಯೆಂದು ಧೈರ್ಯವಾಗಿ ಹೇಳಬಹುದು.

ಇನ್ನು ನನ್ನ ಪ್ರಯೋಗಗಳು. ಎಲೆಗಳ ಮೇಲೆ ಪಿಚಕಾರಿಯಿಂದ ನೀರು ಸಿಂಪಡಿಸಿದೆ. ಹತ್ತು ನಿಮಿಷದಲ್ಲಿ ಅಂಕಿ ಮೊದಲಿನ ಸ್ಥಾನಕ್ಕೆ ಮರಳುತ್ತಿತ್ತು. ಅಷ್ಟೇ ಅಲ್ಲ, ಆಂಥೂರಿಯಂ ಎಲೆಯ ಮೇಲೆ ನೀರು ನಿಲ್ಲುವುದು ಅಪಾಯ. ಈ ಗಿಡಕ್ಕೆ ಬರುವ ಬ್ಯಾಕ್ಟೀರಿಯಾ ಅಂಗಮಾರಿ ರೋಗ ಸಿಡಿಯುವ ನೀರಿನ ಮೂಲಕವೇ ಹರಡುತ್ತದೆ. 1980ರ ದಶಕದಲ್ಲಿ ಹವಾಯಿ ದ್ವೀಪಗಳ ಆಂಥೂರಿಯಂ ತೋಟಗಳಿಗೆ ಅದರಿಂದ ಬಹಳ ನಷ್ಟವಾಯಿತು. ಅಗಲವಾದ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ನೀರು ಹಾಕಿ, ಅದರ ಮೇಲೆ ಕುಂಡವನ್ನಿಟ್ಟೆ. ಕುಂಡದ ಬುಡದ ಹತ್ತಿರ ಮೂರು ನಾಲ್ಕು ಅಂಶ ಏರಿತು, ಎಲೆಗಳ ಮಟ್ಟದಲ್ಲಿ ಏನೂ ಇಲ್ಲ. ಬಹಳ ಜನ ಇದನ್ನು ಶಿಫಾರಸು ಮಾಡುತ್ತಾರೆ. ನನ್ನ ಮಟ್ಟಿಗೆ ಇದು ಗಿಡಕ್ಕಿಂತ ಹೆಚ್ಚಾಗಿ ಮಾಲೀಕನಿಗೆ ಸಮಾಧಾನ ಕೊಡುವ ಉಪಾಯ. ನಮ್ಮ ಕೊಳವೆಬಾವಿಯ ಉಪ್ಪು ನೀರಿನ ಬದಲು ಸೋಸಿದ ನೀರನ್ನು ಹಾಕತೊಡಗಿದ್ದರಿಂದ ಮಾತ್ರ ನಿಜವಾಗಿಯೂ ಉಪಯೋಗವಾಯಿತು, ಏಕೆಂದರೆ ಲವಣವೂ ಎಲೆಯ ತುದಿಯಲ್ಲಿಯೇ ಶೇಖರವಾಗಿ ಸುಡುತ್ತದೆ.

ಕೊನೆಗೆ ಏರ್ ಕೂಲರ್. ಒದ್ದೆ ಹುಲ್ಲಿನ ಮೂಲಕ ಗಾಳಿಯನ್ನು ಹಾಯಿಸುವ ಈ ಯಂತ್ರವನ್ನು ಕಿಟಕಿ ತೆರೆದಿಟ್ಟೇ ನಡೆಸಬೇಕು, ಇಲ್ಲವಾದರೆ ಕೋಣೆಯೆಲ್ಲ ಹಸಿಯಾಗುತ್ತದೆ ಎಂಬುದು ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ನನಗೆ ಬೇಕಾಗಿದ್ದದ್ದು ಆ ಹಸಿಯೇ. ಹಜಾರದ ನಾಲ್ಕೂ ಕಿಟಕಿಗಳನ್ನು ಮುಚ್ಚಿಸಿದೆ. ಬಾಗಿಲ ಸಂದಿಗೆ ಹಳೆಯ ಲೋಬದ ತುಂಡೊಂದನ್ನು ತುರುಕಿದೆ. ಅಂಕಿ 70 ದಾಟಿತು. ಪಾಸ್ಕ ಹಬ್ಬದ ಮಾರನೆಯ ದಿನ ಹೊಸ ಎಲೆಯೊಂದು ಸುರುಳಿ ಬಿಚ್ಚಿತು, ತಾಮ್ರದ ಬಣ್ಣ, ತುದಿಯಲ್ಲಿ ಒಂದು ಕಲೆಯೂ ಇಲ್ಲ. ನನಗಾದ ಸಂತೋಷವನ್ನು ಹೇಗೆ ಹೇಳಲಿ! ಬೆಳಗಿನ ಜಪಗಳಿಗೆ ಮೊದಲು ಮಾಪಕ, ಬಲಿಪೂಜೆಯಿಂದ ಬಂದ ಕೂಡಲೇ ಮಾಪಕ, ಮಲಗುವ ಮುನ್ನ ಮಾಪಕ. ಜೂನ್ ತಿಂಗಳಲ್ಲಿ ಮುಂಗಾರು ಬಂದು ಹೊರಗಿನ ಗಾಳಿಯೇ ತೇವಗೊಂಡ ಮೇಲೆಯೂ ಕಿಟಕಿಗಳನ್ನು ತೆರೆಯಲಿಲ್ಲ. ಅಂಕಿ 80ರ ಮೇಲಿದ್ದರೆ ಇನ್ನೂ ಒಳ್ಳೆಯದೆಂದುಕೊಂಡೆ.

ಈ ಗುರುಮನೆಯಲ್ಲಿ ನಾನೊಬ್ಬನೇ ಇರಲಿಲ್ಲ ಎಂಬುದನ್ನು ನಿಮಗೆ ಇಷ್ಟು ಹೊತ್ತಾದ ಮೇಲೆ ಹೇಳುತ್ತಿದ್ದೇನೆ. ಆ ದಿನಗಳಲ್ಲಿ ನನ್ನ ಮನಸ್ಸಿನಲ್ಲಿಯೂ ಅದು ಹೀಗೆಯೇ ಹಿಂದೆ ಉಳಿದಿತ್ತು. ಸೇವೆಯಿಂದ ನಿವೃತ್ತರಾದ, ಎಂಬತ್ತನ್ನು ಸಮೀಪಿಸುತ್ತಿರುವ ಹಿರಿಯ ಗುರುಗಳೊಬ್ಬರು ನಮ್ಮೊಡನೆ ಇದ್ದಾರೆ. ಅವರ ಕೋಣೆಯ ಬಾಗಿಲು ಹಜಾರಕ್ಕೇ ತೆರೆಯುತ್ತದೆ, ಗಾಳಿ ಬರಬೇಕಾದದ್ದೂ ಹಜಾರದಿಂದಲೇ. ಮೇ ತಿಂಗಳಿನಿಂದ ಅವರು ಕೆಮ್ಮುತ್ತಿದ್ದರು. ವಯಸ್ಸಿನ ಕೆಮ್ಮೆಂದು ನಾನು ಶುಂಠಿ ಕಷಾಯಕ್ಕೆ ಹೇಳಿ ಕರ್ತವ್ಯ ಮುಗಿಸಿದೆ. ಜೂನ್ ಕೊನೆಯ ವಾರ ಒಂದು ರಾತ್ರಿ ಅವರಿಗೆ ಉಸಿರು ಎಳೆದುಕೊಳ್ಳಲಾಗಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕುಳಿತು, ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಮಾತಾಡಲಾಗದೆ ನನ್ನನ್ನು ನೋಡಿದರು. ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಕೇಳಿದ ಎರಡನೆಯ ಪ್ರಶ್ನೆ: "ಇವರು ಮಲಗುವ ಕೋಣೆಯಲ್ಲಿ ಹಸಿ ಏನಾದರೂ ಇದೆಯೇ?"

ಮನೆಗೆ ಮರಳಿ ಅವರ ಕೋಣೆಯ ದೀಪ ಹಾಕಿದೆ. ಮಂಚದ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು ಆಳೆತ್ತರಕ್ಕೆ ಹಬ್ಬಿತ್ತು. ಅವರ ಹಳೆಯ ಲತೀನ್ ಪ್ರಾರ್ಥನಾ ಪುಸ್ತಕದ ರಟ್ಟಿನ ಮೇಲೆ ಬೂದುಬಣ್ಣದ ರೋಮ ಬೆಳೆದಿತ್ತು. ಬೀರುವಿನಲ್ಲಿ ತೂಗುಹಾಕಿದ್ದ ಪೂಜಾವಸ್ತ್ರಗಳಿಗೆ ಮುಗ್ಗಲು ವಾಸನೆ. ಮನೆಯೊಳಗೆ ತೇವಾಂಶ ಸದಾ ಶೇಕಡಾ 60ನ್ನು ಮೀರಿದ್ದರೆ ಬೂಷ್ಟು ಹಿಡಿಯುತ್ತದೆ, ಹಾಸಿಗೆಯಲ್ಲಿ ಧೂಳಿನ ಹುಳಗಳು ಹೆಚ್ಚುತ್ತವೆ, ಎದೆಯ ದೌರ್ಬಲ್ಯವಿರುವವರಿಗೆ ಎರಡೂ ಕೇಡು. ಇದು ಗಿಡಗಳ ವಿಷಯ ಓದಿದ ಅದೇ ಪುಸ್ತಕಗಳಲ್ಲಿ ಇತ್ತು. ನಾನು ಓದಿದ್ದೆ ಕೂಡ. ಗಿಡಕ್ಕೆ 70 ಬೇಕು, ಮನುಷ್ಯನಿಗೆ 60ರೊಳಗೆ ಬೇಕು. ಎರಡು ಅಂಕಿಗಳನ್ನೂ ಬಲ್ಲವನು ಒಂದನ್ನೇ ಗೋಡೆಗೆ ತೂಗುಹಾಕಿಕೊಂಡಿದ್ದೆ. ನಮ್ಮೆಲ್ಲರ ಮನೆಯಾದ ಈ ಭೂಮಿಯ ಆರೈಕೆಯ ಬಗ್ಗೆ ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದ ‘ಲಾವ್ದಾತೊ ಸೀ’ ಪತ್ರವನ್ನು ಕುರಿತು ಮೂರು ಭಾನುವಾರ ಪ್ರಬೋಧನೆ ಮಾಡಿದವನೂ ನಾನೇ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಯೋನನ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ತೆರೆದೆ. ಒಂದೇ ರಾತ್ರಿಯಲ್ಲಿ ಬೆಳೆದು ಯೋನನಿಗೆ ನೆರಳಾದ ಆ ಗಿಡ ಯಾವುದು ಎಂಬ ಚರ್ಚೆ ಬಹಳ ಹಳೆಯದು. ಸೋರೆ ಎನ್ನುವವರಿದ್ದಾರೆ, ಹರಳು ಎನ್ನುವವರಿದ್ದಾರೆ. ಸಂತ ಜೆರೋಮರು ಲತೀನಿಗೆ ಅನುವಾದಿಸುವಾಗ ಅದನ್ನು ಐವಿ ಬಳ್ಳಿಯೆಂದು ಬದಲಿಸಿದ್ದಕ್ಕೆ ಉತ್ತರ ಆಫ್ರಿಕಾದ ಒಂದು ಸಭೆಯಲ್ಲಿ ಜನ ಗದ್ದಲವೆಬ್ಬಿಸಿದರೆಂದು ಸಂತ ಅಗಸ್ತೀನರು ಅವರಿಗೇ ಪತ್ರ ಬರೆದಿದ್ದರು. ಗುರುಮಠದಲ್ಲಿ ಈ ಪ್ರಸಂಗವನ್ನು ಕೇಳಿ ನಕ್ಕಿದ್ದೆವು. ಗಿಡದ ಹೆಸರಿನಲ್ಲಿಯೇ ಮುಳುಗಿದ್ದ ಆ ಜನರಂತೆ ನಾನೂ ಅದರಾಚೆ ಹೋಗಿರಲಿಲ್ಲ. ಗಿಡ ಬಾಡಿದ್ದಕ್ಕೆ ಸಾಯುವಷ್ಟು ಕೋಪಗೊಂಡ ಯೋನನನ್ನು ಸರ್ವೇಶ್ವರ ಕೇಳುವುದು ನಿನೆವೆಯ ಒಂದು ಲಕ್ಷದ ಇಪ್ಪತ್ತು ಸಾವಿರ ಜನರ ಬಗ್ಗೆ. ನನ್ನ ನಿನೆವೆಯಲ್ಲಿ ಇದ್ದವರು ಒಬ್ಬರೇ, ಅದೂ ಪಕ್ಕದ ಕೋಣೆಯಲ್ಲಿ.

ಆರು ದಿನಗಳ ಬಳಿಕ ಹಿರಿಯ ಗುರುಗಳು ಮನೆಗೆ ಬಂದರು. ಅಷ್ಟರಲ್ಲಿ ಗೋಡೆಯನ್ನು ಉಜ್ಜಿ ಒಣಗಿಸಿ ಸುಣ್ಣ ಬಳಿಸಿದ್ದೆ, ಕಿಟಕಿಗಳೆಲ್ಲ ತೆರೆದಿದ್ದವು, ಗಿಡವನ್ನು ಹಿತ್ತಲಿನ ಬಚ್ಚಲಮನೆಯ ಪಕ್ಕದಲ್ಲಿ ಇಟ್ಟಿದ್ದೆ. ಅವರ ಮುಂದೆ ಕುಳಿತು, "ಸ್ವಾಮಿಗಳೇ, ತಪ್ಪಾಯಿತು" ಎಂದೆ. ಮೂವತ್ತು ವರ್ಷಗಳ ಹಿಂದೆ ಈ ಧರ್ಮಪ್ರಾಂತ್ಯಕ್ಕೆ ಹೊಸಬನಾಗಿ ಬಂದಾಗ ನನ್ನ ಮೊದಲ ಪಾಪನಿವೇದನೆಯನ್ನು ಕೇಳಿದವರೂ ಅವರೇ. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

"ಬೂಷ್ಟು ನಾನು ಈಸ್ಟರ್ ಆದ ಮೇಲೆಯೇ ನೋಡಿದ್ದೆ, ಫಾದರ್."

"ಹೇಳಬಾರದಿತ್ತೇ?"

"ದಿನಾ ಬೆಳಿಗ್ಗೆ ನೀವು ಅದರ ಮುಂದೆ ನಿಲ್ಲುತ್ತಿದ್ದಿರಿ. ತಾಯಿಯ ಹತ್ತಿರ ನಿಂತವನನ್ನು ಕೂಗಿ ಕರೆಯುವುದು ಹೇಗೆ?"

ನನಗೆ ಉತ್ತರ ಹೊಳೆಯಲಿಲ್ಲ. ಅವರೇ ಮುಂದುವರಿಸಿ, "ಈಗ ಅದನ್ನು ಎಲ್ಲಿಟ್ಟಿದ್ದೀರಿ? ಸಾಯಿಸಬೇಡಿ ಮತ್ತೆ" ಎಂದರು.

ದಾರಿ ತೋರಿಸಿದವರು ಒಂದು ರೀತಿಯಲ್ಲಿ ಲಂಡನ್ನಿನ ಒಬ್ಬ ವೈದ್ಯರು. ನಥಾನಿಯೆಲ್ ವಾರ್ಡ್ ಎಂಬ ಈ ಗೃಹಸ್ಥರಿಗೆ ಜರಿಗಿಡಗಳ ಹುಚ್ಚು. ಕಲ್ಲಿದ್ದಲಿನ ಹೊಗೆಯಿಂದ ಅವರ ಗಿಡಗಳೆಲ್ಲ ಸಾಯುತ್ತಿದ್ದವು. 1829ರಲ್ಲಿ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟಾಗ, ಆ ಮಣ್ಣಿನಲ್ಲಿ ತಾನಾಗಿ ಒಂದು ಜರಿಗಿಡ, ಒಂದು ಹುಲ್ಲು ಚಿಗುರಿದವು. ಹಗಲಿನಲ್ಲಿ ಮೇಲೆದ್ದ ಆವಿ ಗಾಜಿಗೆ ತಾಗಿ ಹನಿಯಾಗಿ ಮಣ್ಣಿಗೇ ಮರಳುತ್ತಿತ್ತು. ನೀರೆರೆಯುವ ಅಗತ್ಯವೇ ಇರಲಿಲ್ಲ. 1833ರಲ್ಲಿ ಅಂಥದೇ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಹಡಗಿನಲ್ಲಿ ಸಿಡ್ನಿಗೆ ಕಳುಹಿಸಿದರು, ಅವು ಜೀವಂತವಾಗಿ ತಲುಪಿದವು. ಚೀನಾದ ಚಹಾ ಗಿಡಗಳನ್ನು ರಾಬರ್ಟ್ ಫಾರ್ಚೂನ್ ಹಿಮಾಲಯದ ತಪ್ಪಲಿಗೆ ತಂದದ್ದೂ ವಾರ್ಡರ ಪೆಟ್ಟಿಗೆಗಳಲ್ಲಿಯೇ. ಮನೆಯನ್ನೆಲ್ಲ ಕಾಡಾಗಿಸುವ ಬದಲು ಗಿಡದ ಸುತ್ತ ಮಾತ್ರ ಕಾಡು ಇರುವಂತೆ ಮಾಡಿದರೆ ಸಾಕಲ್ಲವೇ?

ನಮ್ಮ ಉಗ್ರಾಣದಲ್ಲಿ ಹಳೆಯದೊಂದು ಗಾಜಿನ ಪೆಟ್ಟಿಗೆ ಬಿದ್ದಿತ್ತು. ದೇವಾಲಯಕ್ಕೆ ಹೊಸ ಗವಿ ಕಟ್ಟುವ ಮೊದಲು ಮಾತೆ ಮರಿಯಮ್ಮನವರ ಸ್ವರೂಪವನ್ನು ಇಟ್ಟಿದ್ದ, ಮೂರಡಿ ಎತ್ತರದ, ಮುಂದೆ ಬಾಗಿಲಿರುವ ಸಾಗುವಾನಿ ಚೌಕಟ್ಟು. ಅದನ್ನು ಉತ್ತರದ ಪಡಸಾಲೆಯಲ್ಲಿ, ನೇರ ಬಿಸಿಲು ತಾಗದ ಕಡೆ ಇರಿಸಿದೆ. ಬಿಸಿಲು ತಾಗಿದರೆ ಒಳಗೆ ಒಲೆಯಾಗುತ್ತದೆ, ಎಚ್ಚರಿಕೆ. ತಳದಲ್ಲಿ ಸತುವಿನ ತಟ್ಟೆ, ಅದರಲ್ಲಿ ಒದ್ದೆ ಜಲ್ಲಿ, ಅದರ ಮೇಲೆ ಮಗುಚಿದ ಬಟ್ಟಲಿನ ಮೇಲೆ ಕುಂಡ. ಬೇರು ನೀರಿಗೆ ತಾಗಕೂಡದು. ಬಯಲಿನಲ್ಲಿ ಸೋತ ಅದೇ ಕಲ್ಲಿನ ತಟ್ಟೆ ಮುಚ್ಚಿದ ಪೆಟ್ಟಿಗೆಯಲ್ಲಿ ಗೆದ್ದಿತು. ಬೆಳಿಗ್ಗೆ ಗಾಜಿನ ತುಂಬ ಹನಿ ಕಂಡರೆ ಒಂದು ಗಂಟೆ ಬಾಗಿಲು ತೆರೆದಿಡುತ್ತೇನೆ, ಇಲ್ಲವಾದರೆ ಬೂಷ್ಟು ಅಲ್ಲಿಗೇ ಬಂದೀತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಡುಗೆಯ ಅಮ್ಮ ಪಡಸಾಲೆಯ ಕಮಾನಿಗೆ ಒದ್ದೆ ಗೋಣಿತಾಟನ್ನು ಇಳಿಬಿಡುತ್ತಾರೆ. ಅದು ಗಿಡಕ್ಕೂ ನಮಗೂ ಒಟ್ಟಿಗೆ ಸಲ್ಲುವ ಏರ್ಪಾಡು, ಏಕೆಂದರೆ ಗಾಳಿ ನಿಲ್ಲದೆ ಹರಿಯುತ್ತಿರುತ್ತದೆ. ಇದನ್ನು ಅವರು ಮೊದಲ ಬೇಸಿಗೆಯಲ್ಲಿಯೇ ಹೇಳಿದ್ದರಂತೆ. ನಾನು ಮಾಪಕ ನೋಡುತ್ತಿದ್ದೆನಂತೆ.

ಕಳೆದ ವರ್ಷ ಕನ್ಯಾಮರಿಯಮ್ಮನವರ ಜನನೋತ್ಸವದ ನವದಿನಗಳಲ್ಲಿ ಮೊದಲ ಹೂವು ಬಂತು. ಪಕ್ಕದ ಹಳ್ಳಿಯಿಂದ ಬಂದ ಒಬ್ಬ ಅಜ್ಜಿ ಪಡಸಾಲೆಯಲ್ಲಿ ನನಗಾಗಿ ಕಾಯುತ್ತಿದ್ದವರು, ಹಳೆಯ ಅಭ್ಯಾಸದಂತೆ ಗಾಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಒಳಗಿರುವುದನ್ನು ನೋಡಿ ನನ್ನತ್ತ ತಿರುಗಿ ನೋಡಿದರು. ವಿವರಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹೂವನ್ನು ಕೊಯ್ದು ಹಬ್ಬದ ಪೀಠಕ್ಕೆ ಇಟ್ಟೆವು.

ಈಗ ನಮ್ಮಲ್ಲಿ ಎರಡು ಮಾಪಕಗಳಿವೆ. ಒಂದು ಗಾಜಿನೊಳಗೆ, ಇನ್ನೊಂದು ಹಿರಿಯ ಗುರುಗಳ ಮಂಚದ ಪಕ್ಕದಲ್ಲಿ. ಎರಡನೆಯದನ್ನು ಓದುವ ಹೊಣೆಯನ್ನು ಅವರೇ ವಹಿಸಿಕೊಂಡಿದ್ದಾರೆ. ಬೆಳಗಿನ ಕಾಫಿಯ ಹೊತ್ತಿಗೆ ಕೋಣೆಯಿಂದಲೇ ಅಂಕಿಯನ್ನು ಕೂಗಿ ಹೇಳುತ್ತಾರೆ, ನಾನು ಪಡಸಾಲೆಯಿಂದ ನನ್ನದನ್ನು ಕೂಗುತ್ತೇನೆ. ಇಂದು ಅವರದು 44, ನನ್ನದು 76. "ಕಿಟಕಿ?" ಎಂದು ಕೇಳಿದೆ. "ತೆರೆದೇ ಇದೆ, ಕಾಫಿ ತನ್ನಿ" ಎಂದರು.